ಕಲೆ ಅಂಗೈಯಷ್ಟು, ಕಷ್ಟ ಎಷ್ಟು? ಚರ್ಮರೋಗಿಯ ಬದುಕನ್ನು ಅಳೆಯುವ ಹತ್ತು ಪ್ರಶ್ನೆಗಳು

"ಚರ್ಮದ ರೋಗದಿಂದ ಯಾರೂ ಸಾಯುವುದಿಲ್ಲ ಬಿಡಿ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಹೇಳಿಯೂ ಇರಬಹುದು. ಕೆಲವು ಗಂಭೀರ ಕಾಯಿಲೆಗಳನ್ನು ಬಿಟ್ಟರೆ ಆ ಮಾತು ಬಹುಮಟ್ಟಿಗೆ ನಿಜವೇ. ಆದರೆ ಅದರ ಬೆನ್ನಿಗೇ ಇನ್ನೊಂದು ನಂಬಿಕೆ ಸದ್ದಿಲ್ಲದೆ ಒಳಗೆ ಬರುತ್ತದೆ. ಕಲೆ ದೊಡ್ಡದಿದ್ದರೆ ಕಷ್ಟವೂ ದೊಡ್ಡದು, ಕಲೆ ಸಣ್ಣದಿದ್ದರೆ ಕಷ್ಟವೂ ಸಣ್ಣದು ಎಂಬ ನಂಬಿಕೆ ಅದು. ಜನ ಮಾತ್ರವಲ್ಲ, ವೈದ್ಯರೂ ಬಹುಕಾಲ ಹೀಗೆಯೇ ಲೆಕ್ಕ ಹಾಕುತ್ತಿದ್ದರು. ಈ ಲೆಕ್ಕ ತಪ್ಪು.

ಯಾಕೆ ತಪ್ಪು ಎಂದು ನೋಡಲು ಇಬ್ಬರನ್ನು ಊಹಿಸಿಕೊಳ್ಳೋಣ. ಊರು ವಿಜಯಪುರ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಮೇಲಿರುವ ದೇವಣಗಾಂವ ಎಂದಿಟ್ಟುಕೊಳ್ಳಿ. ಮೊದಲನೆಯವರು ಐವತ್ತೈದರ ರೈತ. ಬೆನ್ನು, ತೊಡೆ, ಮೊಣಕಾಲುಗಳ ಮೇಲೆಲ್ಲ ಸೋರಿಯಾಸಿಸ್‌ನ ಬೆಳ್ಳಿಹೊಟ್ಟು. ಇಪ್ಪತ್ತು ವರ್ಷದಿಂದ ಇದೆ. ಧೋತರ, ಉದ್ದ ತೋಳಿನ ಅಂಗಿ ಹಾಕಿದರೆ ಏನೂ ಕಾಣದು. ಮಕ್ಕಳ ಮದುವೆ ಆಗಿದೆ, ಹೊಲದ ಕೆಲಸ ನಡೆಯುತ್ತಿದೆ. ಕೇಳಿದರೆ "ಅದರ ಪಾಡಿಗೆ ಅದು ಅದ, ನನ್ನ ಪಾಡಿಗೆ ನಾ ಅದೀನಿ" ಅನ್ನುತ್ತಾರೆ. ಎರಡನೆಯವಳು ಇಪ್ಪತ್ತೆರಡರ ಹುಡುಗಿ. ತುಟಿಯ ಅಂಚಿನಲ್ಲಿ ತೊನ್ನಿನ ಒಂದು ಬಿಳಿ ಮಚ್ಚೆ, ಎಂಟಾಣೆಯ ಅಗಲ. ನೋವಿಲ್ಲ, ತುರಿಕೆಯಿಲ್ಲ. ಆದರೆ ಆಕೆ ಒಂದು ವರ್ಷದಿಂದ ಯಾರ ಮನೆಯ ಮದುವೆಗೂ ಹೋಗಿಲ್ಲ. ನೋಡಲು ಬಂದ ಗಂಡಿನ ಕಡೆಯವರು ಎರಡು ಸಲ ತಿರುಗಿ ಹೋಗಿದ್ದಾರೆ. ತಂಗಿಯ ಮದುವೆಗೂ ಇದು ಅಡ್ಡ ಬರುತ್ತದೇನೋ ಎಂದು ಮನೆಯಲ್ಲಿ ಗುಸುಗುಸು.

ಯಾರ ರೋಗ ತೀವ್ರ? ಚರ್ಮವನ್ನು ನೋಡಿದರೆ ರೈತನದು. ಬದುಕನ್ನು ನೋಡಿದರೆ?

ಚರ್ಮವನ್ನು ಅಳೆಯುವ ಬಗೆ

ಚರ್ಮವನ್ನು ಅಳೆಯುವುದು ಸುಲಭ. ರೋಗಿಯ ಒಂದು ಅಂಗೈ, ಬೆರಳುಗಳೂ ಸೇರಿ, ಅವರ ಮೈಚರ್ಮದ ಸುಮಾರು ನೂರರಲ್ಲಿ ಒಂದು ಪಾಲು. ಹಾಗಾಗಿ ಕಲೆಗಳೆಲ್ಲ ಸೇರಿ ಎಷ್ಟು ಅಂಗೈ ಆಗುತ್ತವೆ ಎಂದು ಎಣಿಸಿದರೆ ಎಷ್ಟು ಶೇಕಡಾ ಚರ್ಮ ಕೆಟ್ಟಿದೆ ಎಂದು ತಿಳಿಯುತ್ತದೆ. ಸೋರಿಯಾಸಿಸ್‌ಗೆ ಇನ್ನೂ ಸೂಕ್ಷ್ಮವಾದ ಲೆಕ್ಕವೊಂದಿದೆ. 1978ರಲ್ಲಿ ಬಂದ ಅದರ ಹೆಸರು ಪಾಸಿ. ಎಷ್ಟು ಕೆಂಪು, ಎಷ್ಟು ದಪ್ಪ, ಎಷ್ಟು ಹೊಟ್ಟು, ಎಷ್ಟು ಜಾಗ ಎಂಬುದನ್ನು ತಲೆ, ಕೈ, ಮುಂಡ, ಕಾಲು ಎಂದು ಬೇರೆಬೇರೆಯಾಗಿ ನೋಡಿ 0ಯಿಂದ 72ರವರೆಗೆ ಅಂಕ ಕೊಡುವುದು. ಹೊಸ ಔಷಧಗಳ ಪರೀಕ್ಷೆಗಳೆಲ್ಲ ಇವತ್ತಿಗೂ ಇದರ ಮೇಲೆ ನಿಂತಿವೆ.

ಪಾಸಿಗೆ ಕಣ್ಣಿದೆ, ಕಿವಿಯಿಲ್ಲ. ಅಂಗೈಯಲ್ಲಿ ಬಿರುಕು ಬಿಟ್ಟು ರೊಟ್ಟಿ ತಟ್ಟಲು ಆಗದ ಹೆಂಗಸಿಗೂ ಕಾಣದ ಕಡೆ ಅಷ್ಟೇ ಜಾಗದ ಕಲೆ ಇರುವವರಿಗೂ ಅದು ಹೆಚ್ಚುಕಡಿಮೆ ಒಂದೇ ಅಂಕ ಕೊಡಬಲ್ಲದು.

ಬದುಕನ್ನು ಅಳೆಯುವ ಹಾಳೆ

ಈ ಕೊರತೆಯನ್ನು ತುಂಬಲು ಹೊರಟವರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದ ಚರ್ಮವೈದ್ಯ ಆಂಡ್ರ್ಯೂ ಫಿನ್ಲೆ ಮತ್ತು ಅವರ ಜೊತೆಗಾರ ಗುಲ್ ಕರೀಂ ಖಾನ್. ಅವರು ಪ್ರಶ್ನೆಗಳನ್ನು ತಾವೇ ಕೂತು ಕಲ್ಪಿಸಿಕೊಳ್ಳಲಿಲ್ಲ. ಬೇರೆಬೇರೆ ಚರ್ಮರೋಗಗಳ 120 ರೋಗಿಗಳನ್ನು ಕೇಳಿದರು: ಈ ರೋಗ ಮತ್ತು ಇದರ ಚಿಕಿತ್ಸೆ ನಿಮ್ಮ ಬದುಕಿನಲ್ಲಿ ಏನೇನು ತೊಂದರೆ ಮಾಡಿವೆ? ಬಂದ ಉತ್ತರಗಳನ್ನು ಸೋಸಿ ಹತ್ತು ಪ್ರಶ್ನೆ ಮಾಡಿದರು. 200 ಹೊಸ ರೋಗಿಗಳಿಗೂ 100 ಆರೋಗ್ಯವಂತರಿಗೂ ಕೊಟ್ಟು ನೋಡಿದರು. 1994ರಲ್ಲಿ ಪ್ರಕಟಿಸಿದರು. ಡರ್ಮಟಾಲಜಿ ಲೈಫ್ ಕ್ವಾಲಿಟಿ ಇಂಡೆಕ್ಸ್ ಅಥವಾ ಚಿಕ್ಕದಾಗಿ ಡಿಎಲ್‌ಕ್ಯೂಐ ಎಂಬ ಈ ಹಾಳೆ ಇಂದು ಕನ್ನಡವೂ ಸೇರಿ 100ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ನಮ್ಮ ಮೆಡಿಕಲ್ ಕಾಲೇಜುಗಳ ಚರ್ಮರೋಗ ವಿಭಾಗಗಳಿಗೆ ಇದು ಚೆನ್ನಾಗಿ ಪರಿಚಿತ.

ಪ್ರಶ್ನೆಗಳು ಹೋದ ಒಂದು ವಾರದ ಬಗ್ಗೆ ಮಾತ್ರ. ತುರಿಕೆ, ನೋವು ಎಷ್ಟಿತ್ತು? ಮುಜುಗರ ಆಯಿತೇ? ಪೇಟೆಗೆ ಹೋಗಲು, ಮನೆ ಅಥವಾ ಕೈತೋಟ ನೋಡಿಕೊಳ್ಳಲು ತೊಂದರೆಯೇ? ಹಾಕುವ ಬಟ್ಟೆ ಬದಲಾಯಿಸಬೇಕಾಯಿತೇ? ಜನರೊಡನೆ ಬೆರೆಯುವುದು, ಆಟ, ಕೆಲಸ ಅಥವಾ ಓದು, ಸಂಗಾತಿ ಮತ್ತು ಆಪ್ತರೊಡನೆ ಸಂಬಂಧ, ಲೈಂಗಿಕ ಬದುಕು, ಕೊನೆಗೆ ಚಿಕಿತ್ಸೆಯೇ ತಂದಿಟ್ಟ ರಗಳೆ. ಮುಲಾಮು ಮೆತ್ತಿಕೊಂಡು ಹಾಸಿಗೆಯೆಲ್ಲ ಜಿಡ್ಡಾಗುವುದೂ ಒಂದು ಕಷ್ಟವೇ ತಾನೇ? ಪ್ರತಿ ಪ್ರಶ್ನೆಗೂ 0ಯಿಂದ 3 ಅಂಕ, ಒಟ್ಟು 30. ತುಂಬಲು ಎರಡು ನಿಮಿಷ ಸಾಕು.

ಬರೀ ಅಂಕ ಬಂದರೆ ಏನು ತಿಳಿಯುತ್ತದೆ? 7 ಎಂದರೆ ಹೆಚ್ಚೋ ಕಡಿಮೆಯೋ? ಇದಕ್ಕೂ ಒಂದು ಅಳತೆಪಟ್ಟಿ 2005ರಲ್ಲಿ ಬಂತು. 0-1 ಅಂದರೆ ಬದುಕಿನ ಮೇಲೆ ಪರಿಣಾಮವಿಲ್ಲ. 2ರಿಂದ 5 ಸ್ವಲ್ಪ. 6ರಿಂದ 10 ಮಧ್ಯಮ. 11ರಿಂದ 20 ಬಹಳ. 21ರಿಂದ 30 ವಿಪರೀತ. ಚಿಕಿತ್ಸೆಯ ನಂತರ ಅಂಕ ಕನಿಷ್ಠ 4 ಇಳಿದರೆ ಮಾತ್ರ ರೋಗಿಗೆ ಅನುಭವಕ್ಕೆ ಬರುವಷ್ಟು ವ್ಯತ್ಯಾಸ ಆಗಿದೆ ಎಂದು ಲೆಕ್ಕ. ನಮ್ಮ ಊಹೆಯ ರೈತನ ಅಂಕ 3 ಬರಬಹುದು. ಹುಡುಗಿಯದು 14.

ಇಂಥ ಅಳತೆಗಳಿಂದ ಹೊರಬಂದ ಸಂಗತಿಗಳು ಸಣ್ಣವಲ್ಲ. 1999ರಲ್ಲಿ ಅಮೆರಿಕದ ಸಂಶೋಧಕರು ಎಲ್ಲ ಕಾಯಿಲೆಗಳಿಗೂ ಸಲ್ಲುವ ಬೇರೊಂದು ಪ್ರಶ್ನಾವಳಿಯನ್ನು ಸೋರಿಯಾಸಿಸ್ ಇರುವ 317 ಜನರಿಗೆ ಕೊಟ್ಟರು. ದೇಹ ಮತ್ತು ಮನಸ್ಸಿನ ಚಟುವಟಿಕೆಗೆ ಸೋರಿಯಾಸಿಸ್ ಮಾಡುವ ಅಡ್ಡಿ ಕ್ಯಾನ್ಸರ್, ಸಂಧಿವಾತ, ಹೃದ್ರೋಗ, ಸಕ್ಕರೆ ಕಾಯಿಲೆ, ಖಿನ್ನತೆಗಳು ಮಾಡುವ ಅಡ್ಡಿಗೆ ಹೋಲುವಂತಿತ್ತು. 2003ರಲ್ಲಿ ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು ತೊನ್ನಿನ ರೋಗಿಗಳಲ್ಲಿ ಇನ್ನೊಂದನ್ನು ಕಂಡರು. ಚಿಕಿತ್ಸೆ ಶುರುವಾಗುವಾಗಲೇ ಡಿಎಲ್‌ಕ್ಯೂಐ ಅಂಕ ಹೆಚ್ಚಿದ್ದವರಿಗೆ ಚಿಕಿತ್ಸೆಯ ಫಲವೂ ಕಡಿಮೆ ಸಿಕ್ಕಿತ್ತು. ಮನಸ್ಸು ಕುಗ್ಗಿದ್ದರಿಂದ ಔಷಧ ಹಿಡಿಯಲಿಲ್ಲವೋ, ಹಿಡಿಯಲಾರದಷ್ಟು ಹಟಮಾರಿ ರೋಗವಿದ್ದುದರಿಂದ ಮನಸ್ಸು ಕುಗ್ಗಿತ್ತೋ, ಒಂದು ಅಧ್ಯಯನದಿಂದ ಹೇಳಲಾಗದು. ಆದರೂ ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗಳು ಇವು ಎಂಬುದು ಖಚಿತ.

ಅಂಕಕ್ಕೆ ಅಧಿಕಾರ ಬಂದಾಗ

ಇಲ್ಲಿಯವರೆಗೆ ಕತೆ ಸುಖವಾಗಿದೆ. ವೈದ್ಯರಿಗೆ ಕಿವಿ ಬಂತು. ಆದರೆ ಒಂದು ಸಂಖ್ಯೆ ಹುಟ್ಟಿದ ಮೇಲೆ ಅದನ್ನು ಗೆರೆ ಎಳೆಯಲು ಬಳಸುವುದು ಮನುಷ್ಯನ ಅಭ್ಯಾಸ.

2005ರಲ್ಲಿ ಫಿನ್ಲೆ ಅವರೇ "ಹತ್ತರ ನಿಯಮ" ಎಂಬುದನ್ನು ಮುಂದಿಟ್ಟರು. ಚರ್ಮದ ಶೇ. 10ಕ್ಕಿಂತ ಹೆಚ್ಚು ಭಾಗ ಕೆಟ್ಟಿದ್ದರೆ, ಅಥವಾ ಪಾಸಿ 10 ದಾಟಿದ್ದರೆ, ಅಥವಾ ಡಿಎಲ್‌ಕ್ಯೂಐ 10 ದಾಟಿದ್ದರೆ ಆ ಸೋರಿಯಾಸಿಸ್ ತೀವ್ರ ಎಂದು ಪರಿಗಣಿಸಿ ಅಂದರು. ಮಧ್ಯದಲ್ಲಿರುವ "ಅಥವಾ" ಎಂಬ ಪದವನ್ನು ಗಮನಿಸಿ. ಚರ್ಮ ಚೆನ್ನಾಗಿ ಕಂಡರೂ ಬದುಕು ಕೆಟ್ಟಿದ್ದರೆ ಸಾಕು ಎಂಬ ಉದಾರತೆ ಅದರಲ್ಲಿದೆ. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆ ದುಬಾರಿ ಬಯಾಲಜಿಕ್ ಚುಚ್ಚುಮದ್ದುಗಳಿಗೆ ನಿಯಮ ಮಾಡುವಾಗ ಅದು "ಮತ್ತು" ಆಯಿತು: ಪಾಸಿ 10 ಅಥವಾ ಹೆಚ್ಚು ಇರಬೇಕು, ಜೊತೆಗೆ ಡಿಎಲ್‌ಕ್ಯೂಐ 10ಕ್ಕಿಂತ ಹೆಚ್ಚಿರಬೇಕು. ಒಂದು ಅಂಕ ಆಚೀಚೆಯಾದರೆ ಔಷಧ ಸಿಗಬಹುದು, ಸಿಗದೇ ಇರಬಹುದು.

ಈಗ ಅದೇ ಹಾಳೆಯನ್ನು ಭೀಮಾ ದಂಡೆಗೆ ತರೋಣ.

ಕಡಿತ ಎಂದರೆ ಏನು?

ಪ್ರಶ್ನಾವಳಿಯನ್ನು ಅನುವಾದಿಸಲು ಕಟ್ಟುನಿಟ್ಟಾದ ಕ್ರಮವಿದೆ. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರುತ್ತಾರೆ. ಎರಡೂ ಹೊಂದುತ್ತವೆಯೇ ಎಂದು ನೋಡುತ್ತಾರೆ, ರೋಗಿಗಳಿಗೆ ಓದಿಸಿ ತಿದ್ದುತ್ತಾರೆ. ಇಷ್ಟೆಲ್ಲ ಮಾಡಿದರೂ ಕನ್ನಡ ಒಂದೇ ಕನ್ನಡವಲ್ಲವಲ್ಲ! ಮೈಸೂರಿನವರ ತುರಿಕೆ, ತೀಟೆ ವಿಜಯಪುರದ ಕಡೆ "ಕಡಿತ" ಆಗುತ್ತದೆ. "ಮೈ ಕಡಿತದ ರೀ" ಎಂದರೆ ದಕ್ಷಿಣದ ಊರಿಂದ ಬಂದ ಹೊಸ ಡಾಕ್ಟರು ಯಾವ ಹುಳ ಕಚ್ಚಿತು ಎಂದು ಕೇಳಿಯಾರು.

ಉತ್ತರಗಳ ವಿಷಯ ಇನ್ನೂ ನಾಜೂಕು. ಇಂಗ್ಲಿಷಿನ ಹಾಳೆಯಲ್ಲಿ 2 ಅಂಕದ ಉತ್ತರಕ್ಕೂ 3 ಅಂಕದ ಉತ್ತರಕ್ಕೂ ಬೇರೆಬೇರೆ ಮಾತುಗಳಿವೆ. ನಮಗೆ "ಬಹಳ", "ತುಂಬಾ" ಎರಡೂ ಒಂದೇ. ಬಿಜಾಪುರದ ಕಡೆಯಂತೂ "ಭಾಳ" ಅಂದರೆ ಮುಗಿಯಿತು. ಅದಕ್ಕೂ ಮೇಲೆ ಹೋಗಬೇಕಾದರೆ "ಭಾಳ ಅಂದ್ರ ಭಾಳ" ಅನ್ನಬೇಕು. ಹತ್ತು ಪ್ರಶ್ನೆಗಳಲ್ಲಿ ಐದಕ್ಕೆ ಈ ಗೊಂದಲವಾದರೂ 5 ಅಂಕದ ವ್ಯತ್ಯಾಸ. 4 ಅಂಕ ಇಳಿದರೆ ಚಿಕಿತ್ಸೆ ಫಲಿಸಿತು ಎನ್ನುವ ಅಳತೆಗೋಲಿನಲ್ಲಿ ಇದು ಸಣ್ಣ ತಪ್ಪಲ್ಲ.

ಮುಜುಗರದ ಪ್ರಶ್ನೆ ನೋಡಿ. ಅದನ್ನು "ನಾಚಿಕೆ" ಎಂದರೆ ನಾನೇನು ತಪ್ಪು ಮಾಡಿದೆ ನಾಚಿಕೊಳ್ಳಲು ಎಂದು ರೋಗಿ ಸಿಟ್ಟಾಗಬಹುದು. "ಸಂಕೋಚ" ಎಂದರೆ ಅದು ಒಳ್ಳೆಯ ಗುಣವಾಗಿಬಿಡುತ್ತದೆ. "ಮುಜುಗರ" ಪರವಾಗಿಲ್ಲ. ಆದರೆ ಓದಿದವರ ಪದ. ಹಳ್ಳಿಯ ಹೆಂಗಸರಿಗೆ "ನಾಲ್ಕು ಜನರ ಮುಂದೆ ಹೋಗಾಕ ಹಿಂದ-ಮುಂದ ನೋಡಿದ್ರೇನು?" ಎಂದು ಕೇಳಿದರೆ ಬೇಗ ತಲುಪುತ್ತದೆ ಎಂದು ನನ್ನ ಅನಿಸಿಕೆ.

ಹಾಳೆಯನ್ನು ರೋಗಿ ತಾನೇ ಒಬ್ಬನೇ ಕೂತು ತುಂಬಬೇಕು ಎಂಬುದು ಮೂಲದ ಎಣಿಕೆ. ಓದು ಬರಹ ಬಾರದವರಿಗೆ ನರ್ಸೋ, ಹೌಸ್ ಸರ್ಜನ್ನೋ ಓದಿ ಹೇಳುತ್ತಾರೆ. ಪಕ್ಕದಲ್ಲಿ ಅತ್ತೆ ಅಥವಾ ಮಗ ಕೂತಿರುತ್ತಾರೆ. ಒಂಬತ್ತನೆಯ ಪ್ರಶ್ನೆ, ಲೈಂಗಿಕ ಬದುಕಿನದು, ಬಂದಾಗ ಏನಾಗುತ್ತದೆ? ಕೇಳುವವರು ತಾವೇ "ಅನ್ವಯಿಸುವುದಿಲ್ಲ" ಎಂದು ಗೀಟು ಹಾಕಿ ಮುಂದೆ ಹೋಗುವ ಸಾಧ್ಯತೆ ಹೆಚ್ಚು. ರೋಗಿಗೂ ಅದೇ ಸುಲಭ.

"ಅನ್ವಯಿಸುವುದಿಲ್ಲ" ಎಂಬ ಬಲೆ

ಈ "ಅನ್ವಯಿಸುವುದಿಲ್ಲ" ಎಂಬ ಉತ್ತರದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಅಳತೆಯ ದೊಡ್ಡ ತೂತು ಇಲ್ಲಿದೆ.

ಹತ್ತರಲ್ಲಿ ಎಂಟು ಪ್ರಶ್ನೆಗಳಿಗೆ ಈ ಆಯ್ಕೆ ಉಂಟು. ಅದಕ್ಕೆ ಸಿಗುವ ಅಂಕ ಸೊನ್ನೆ. ಅಂದರೆ "ನನಗೆ ಇದರಿಂದ ಏನೂ ತೊಂದರೆಯಿಲ್ಲ" ಎಂಬುದಕ್ಕೂ "ಈ ಪ್ರಶ್ನೆ ನನ್ನ ಬದುಕಿಗೇ ಸಂಬಂಧಿಸಿಲ್ಲ" ಎಂಬುದಕ್ಕೂ ಒಂದೇ ಅಂಕ.

ಮೂರನೆಯವರನ್ನು ಊಹಿಸಿಕೊಳ್ಳಿ. ಅರವತ್ತರ ವಿಧವೆ, ಎರಡೂ ಅಂಗೈಗಳಲ್ಲಿ ಇಸುಬು. ಬಿರುಕಿನಲ್ಲಿ ಖಾರ ತಾಗಿದರೆ ಜೀವ ಹೋಗುತ್ತದೆ. ತುರಿಕೆ-ನೋವಿಗೆ 3. ಮುಜುಗರಕ್ಕೆ 1. ಮನೆಗೆಲಸಕ್ಕೆ 2. ಬಟ್ಟೆಗೆ 0. ಜನರೊಡನೆ ಬೆರೆಯುವುದಕ್ಕೆ 1. ಆಟ? ಅನ್ವಯಿಸುವುದಿಲ್ಲ. ಕೆಲಸ-ಓದು? "ನಾ ಎಲ್ಲಿ ನೌಕರಿ ಮಾಡ್ತೀನ್ರಿ" ಎಂದು ನಗುತ್ತಾರೆ. ಹೊಲದಲ್ಲಿ ಕಳೆ ತೆಗೆಯುವುದು, ತೊಗರಿ ಕೊಯ್ಯುವುದು ಅವರ ಲೆಕ್ಕದಲ್ಲಿ ಕೆಲಸವಲ್ಲ, ಬದುಕು. ಅನ್ವಯಿಸುವುದಿಲ್ಲ. ಆಪ್ತರೊಡನೆ ಸಂಬಂಧಕ್ಕೆ 0. ಲೈಂಗಿಕ ಬದುಕು ಅನ್ವಯಿಸುವುದಿಲ್ಲ. ಚಿಕಿತ್ಸೆಯ ರಗಳೆಗೆ 1. ಒಟ್ಟು 8. ಅಳತೆಪಟ್ಟಿಯ ಪ್ರಕಾರ "ಮಧ್ಯಮ".

ಆದರೆ ಈ ತಾಯಿ ಉತ್ತರಿಸಿದ್ದು ಏಳೇ ಪ್ರಶ್ನೆಗಳಿಗೆ. ಆ ಏಳಕ್ಕೆ ಗರಿಷ್ಠ ಅಂಕ 21. 21ಕ್ಕೆ 8 ಎಂದರೆ 30ಕ್ಕೆ 11ಕ್ಕೂ ತುಸು ಹೆಚ್ಚು. ಅಳತೆಪಟ್ಟಿಯಲ್ಲಿ "ಬಹಳ" ಎಂಬ ಮೆಟ್ಟಿಲು. ಗೆರೆ ದಾಟಿತು. ಅವರ ಕೈ ಹಾಗೆಯೇ ಇದೆ, ಬದಲಾದದ್ದು ನಮ್ಮ ಭಾಗಾಕಾರ ಮಾತ್ರ. ಕೂಲಿ ಹೋಗುವುದನ್ನೂ ಕೆಲಸ ಎಂದು ಬಿಡಿಸಿ ಹೇಳಿ, ಕೈಬಿರುಕಿನಿಂದ ಹೋಗಲಾಗಲಿಲ್ಲವೇ ಎಂದು ಕೇಳಿದ್ದರೆ ಆ ಒಂದೇ ಪ್ರಶ್ನೆಗೆ 3 ಅಂಕ ಬರುತ್ತಿತ್ತು.

ಈ ತೂತನ್ನು ಚರ್ಮತಜ್ಞರು ಗಮನಿಸಿಲ್ಲ ಎಂದಲ್ಲ. ಹಂಗೇರಿಯ ಬುಡಾಪೆಸ್ಟ್‌ನ ಫಾನ್ನಿ ರೆಂಟ್ಸ್ ಮತ್ತು ಅವರ ಸಂಗಡಿಗರು 2018ರಲ್ಲಿ ಇದೇ ಬಗೆಯ ತಿದ್ದಿದ ಲೆಕ್ಕವನ್ನು ಮುಂದಿಟ್ಟರು. ಅದರ ಹೆಸರು ಡಿಎಲ್‌ಕ್ಯೂಐ-ಆರ್. ಪ್ರಶ್ನೆಗಳು ಅವೇ, ಅನ್ವಯಿಸದ ಪ್ರಶ್ನೆಗಳನ್ನು ಲೆಕ್ಕದಿಂದ ಬಿಟ್ಟು ಉಳಿದವುಗಳ ಮೇಲೆ ಅಂಕ ಕಟ್ಟುವುದು. ಹಳೆಯ ಲೆಕ್ಕದಲ್ಲಿ ಯಾರಿಗೆ ಹೆಚ್ಚು ನಷ್ಟ ಎಂದು ಊಹಿಸುವುದು ಕಷ್ಟವಲ್ಲ. ವಯಸ್ಸಾದವರು, ಹೆಂಗಸರು, ಒಂಟಿಯಾಗಿರುವವರು, ಸಂಬಳದ ಕೆಲಸವಿಲ್ಲದವರು. ಯುರೋಪಿನಲ್ಲೇ ಹೀಗಾದರೆ ಆಟ, ಷಾಪಿಂಗ್, ಕೈತೋಟ ಯಾವುದೂ ಇಲ್ಲದ ಬದುಕಿನಲ್ಲಿ ಹೇಗಿರಬೇಡ?

ಹಾಳೆ ಕೇಳದ ಪ್ರಶ್ನೆಗಳು

ಕೇಳಿದ ಪ್ರಶ್ನೆ ಹೊಂದದಿರುವುದು ಒಂದು ತೊಂದರೆ. ಕೇಳಬೇಕಾದದ್ದನ್ನೇ ಕೇಳದಿರುವುದು ಇನ್ನೊಂದು. ಡಿಎಲ್‌ಕ್ಯೂಐ ನಿದ್ದೆಯ ಬಗ್ಗೆ ಕೇಳುವುದಿಲ್ಲ. ರಾತ್ರಿಯಿಡೀ ಕೆರೆದುಕೊಳ್ಳುವ ಇಸುಬಿನ ರೋಗಿಗೆ ಅದೇ ಮೊದಲ ಕಷ್ಟ. ಮದುವೆಯ ಬಗ್ಗೆ ಕೇಳುವುದಿಲ್ಲ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಾರೆಯೇ, ಬೇರೆ ಲೋಟ ಇಟ್ಟಿದ್ದಾರೆಯೇ ಎಂದು ಕೇಳುವುದಿಲ್ಲ. ಪ್ರಶ್ನೆಗಳನ್ನು ಕೊಟ್ಟದ್ದು ಕಾರ್ಡಿಫ್‌ನ ರೋಗಿಗಳು, ಅವರ ಚಿಂತೆಗಳು ಬೇರೆ.

ದೆಹಲಿಯ ಏಮ್ಸ್ ಚರ್ಮವೈದ್ಯರು ಇದನ್ನು ಮನಗಂಡು ತೊನ್ನಿಗೆಂದೇ ಒಂದು ಭಾರತೀಯ ಪ್ರಶ್ನಾವಳಿಯನ್ನು ಮಾಡಿದರು. ವಿಟಿಲಿಗೋ ಇಂಪ್ಯಾಕ್ಟ್ ಸ್ಕೇಲ್ ಎಂದು ಹೆಸರು. ಮುಂದೆ ಅದನ್ನು 22 ಪ್ರಶ್ನೆಗಳಿಗೆ ಇಳಿಸಿದರು, ಗರಿಷ್ಠ ಅಂಕ 66. ನಮ್ಮ ರೋಗಿಗಳ ಬಾಯಿಂದಲೇ ಬಂದ ಆತಂಕಗಳು, ಮದುವೆಯದೂ ಸೇರಿ, ಅದರಲ್ಲಿ ಜಾಗ ಪಡೆದಿವೆ. ದೇವಣಗಾಂವದ ಆ ಹುಡುಗಿಗೆ ಈ ಹಾಳೆ ಕೊಟ್ಟರೆ ತನ್ನ ಬದುಕನ್ನು ಗುರುತಿಸಿಕೊಂಡಾಳು.

ತೊನ್ನಿನ ಮಾತು ಬಂದ ಮೇಲೆ ಒಂದು ಸುಳ್ಳು ನಂಬಿಕೆಯನ್ನು ಇಲ್ಲೇ ಬಿಡಿಸಿಬಿಡಬೇಕು. ತೊನ್ನನ್ನು "ಬಿಳಿ ಕುಷ್ಠ" ಎಂದು ಕರೆಯುವ ರೂಢಿ ಇನ್ನೂ ಇದೆ. ಎರಡಕ್ಕೂ ಯಾವ ನಂಟೂ ಇಲ್ಲ. ಕುಷ್ಠ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮಚ್ಚೆಯ ಮೇಲೆ ಸ್ಪರ್ಶ ತಿಳಿಯದು, ಬಹುಔಷಧ ಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ. ತೊನ್ನಿನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಬಣ್ಣ ಕೊಡುವ ಕೋಶಗಳನ್ನು ನಾಶ ಮಾಡುತ್ತದೆ. ಸ್ಪರ್ಶ ಪೂರ್ತಿ ಇರುತ್ತದೆ, ಮುಟ್ಟಿದರೆ ಹರಡುವುದಿಲ್ಲ, ಮೀನು ತಿಂದು ಹಾಲು ಕುಡಿದರೆ ಬರುವುದೂ ಇಲ್ಲ. ಸೋರಿಯಾಸಿಸ್ ಕೂಡ ಅಂಟುರೋಗವಲ್ಲ. ಇನ್ನು ಕುಷ್ಠವೋ, ಗುಣವಾಗುವ ರೋಗ ಎಂದು ತಿಳಿದು ದಶಕಗಳಾದ ಮೇಲೂ ವಿಚ್ಛೇದನಕ್ಕೆ ಕಾನೂನುಬದ್ಧ ಕಾರಣವಾಗಿ ಉಳಿದಿತ್ತು. ಅದನ್ನು ಕಿತ್ತುಹಾಕಿದ್ದು 2019ರ ತಿದ್ದುಪಡಿ. ಇಂಥ ಕಳಂಕದ ತೂಕ ಯಾವ ಪಾಸಿಯಲ್ಲೂ ಬರುವುದಿಲ್ಲ.

ಕಾಸರಗೋಡಿನಿಂದ ಕಲಬುರಗಿಗೆ

ನಮ್ಮವರೇ ನಮ್ಮ ನೆಲದ ರೋಗಕ್ಕೆ ಅಳತೆಗೋಲು ಮಾಡಿದ ಇನ್ನೊಂದು ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ದೇವಣಗಾಂವದಲ್ಲಿ ನಿಂತು ಭೀಮೆಯ ಆಚೆ ನೋಡಿದರೆ ಕಲಬುರಗಿ ಜಿಲ್ಲೆ. ಆನೆಕಾಲು ರೋಗ ಬಹುಕಾಲದಿಂದ ನೆಲೆಯೂರಿದ ಸೀಮೆ ಅದು. ಯಾದಗಿರಿ, ಬೀದರ್, ಬಾಗಲಕೋಟೆ, ವಿಜಯಪುರಗಳೂ ಆ ಪಟ್ಟಿಯಲ್ಲಿವೆ. ಸೊಳ್ಳೆಯಿಂದ ಬರುವ ಈ ಹುಳದ ವಿರುದ್ಧ 2004ರಿಂದ ದೇಶದಾದ್ಯಂತ ಸಾಮೂಹಿಕವಾಗಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆದಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮಾತ್ರೆ ಕೊಟ್ಟದ್ದು ನಿಮಗೂ ನೆನಪಿರಬಹುದು. ಮಾತ್ರೆ ಹರಡುವಿಕೆಯನ್ನು ತಡೆಯುತ್ತದೆ. ಆಗಲೇ ಊದಿದ ಕಾಲನ್ನು ಇಳಿಸುವುದಿಲ್ಲ.

ಆ ಕಾಲು ಕೊನೆಗೆ ಚರ್ಮದ ಸಮಸ್ಯೆಯೇ ಆಗುತ್ತದೆ. ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ, ಬೆರಳ ಸಂದಿಯಲ್ಲಿ ಒಡೆಯುತ್ತದೆ, ಒಡಕಿನಿಂದ ಸೋಂಕು ಒಳಗೆ ಹೋಗಿ ಆಗಾಗ ಚಳಿಜ್ವರ ಬರುತ್ತದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆ, ಚರ್ಮವೈದ್ಯ ಎಸ್. ಆರ್. ನರಹರಿ ಅವರ ನೇತೃತ್ವದಲ್ಲಿ, ಇದಕ್ಕೊಂದು ಚಿಕಿತ್ಸಾಕ್ರಮ ರೂಪಿಸಿತು. ಕಾಲನ್ನು ಸೋಪಿನಿಂದ ತೊಳೆದು ಒಣಗಿಸುವುದು, ಆಯುರ್ವೇದದ ಗಿಡಮೂಲಿಕೆ ನೀರಿನಲ್ಲಿ ನೆನೆಸುವುದು, ಯೋಗದ ಚಲನೆಗಳು, ಬಿಗಿ ಬ್ಯಾಂಡೇಜು. ಕೇರಳದ ಆಲಪ್ಪುಳ ಮತ್ತು ನಮ್ಮ ಕಲಬುರಗಿ, ಈ ಎರಡು ಜಿಲ್ಲೆಗಳ ಹಳ್ಳಿಗಳಿಗೆ ಅದನ್ನು ಒಯ್ದು ಅಧ್ಯಯನವನ್ನೂ ಪ್ರಕಟಿಸಿತು.

ಕಾಲಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಬಹುದು. ಆದರೆ ಆ ಕಾಲನ್ನು ಹೊತ್ತವರ ಬದುಕು? ಆಟ, ಬಟ್ಟೆ ಕೇಳುವ ಹಾಳೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಈ ರೋಗಿಯ ಮುಖ್ಯ ಪ್ರಶ್ನೆ ನಡೆದಾಟ. ಎದ್ದು ಕೂರುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಕಾಲಿಗೆ ಹೊಂದುವ ಚಪ್ಪಲಿ ಸಿಗುವುದು. ಸಂಸ್ಥೆಯವರು ಆನೆಕಾಲು ರೋಗಕ್ಕೆಂದೇ ಪ್ರತ್ಯೇಕ ಜೀವನ ಗುಣಮಟ್ಟದ ಪ್ರಶ್ನಾವಳಿಯನ್ನು ಕಟ್ಟಿದರು. ಅಮೆರಿಕದ ಸಂಶೋಧಕರ ಜೊತೆಗೂಡಿ ಅದನ್ನು ಡಿಎಲ್‌ಕ್ಯೂಐ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವೈಕಲ್ಯ ಪ್ರಶ್ನಾವಳಿಯ ಪಕ್ಕದಲ್ಲಿಟ್ಟು ಹೋಲಿಸಿದರು. ಆ ಹೋಲಿಕೆ 2014ರಲ್ಲಿ ಪ್ರಕಟವಾಯಿತು. ದೊಡ್ಡ ಸುದ್ದಿಯೇನೂ ಆಗಲಿಲ್ಲ. ಆದರೂ ಕಾಸರಗೋಡಿನ ಒಂದು ಸಂಸ್ಥೆ ಜಗತ್ತಿನ ಅಳತೆಗೋಲುಗಳನ್ನೇ ಅಳೆದು ನೋಡಿದ್ದು ಸಣ್ಣ ಮಾತಲ್ಲ ಎಂದು ನನಗನಿಸುತ್ತದೆ.

ಅಂದಹಾಗೆ, ನಮ್ಮ ಸರ್ಕಾರಿ ಲೆಕ್ಕದಲ್ಲಿ ಚರ್ಮರೋಗಿಯ ಕಷ್ಟಕ್ಕೆ ಜಾಗ ಎಲ್ಲಿದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ತುತ್ತಾದವರು ಅದರಲ್ಲಿದ್ದಾರೆ. ಸೋರಿಯಾಸಿಸ್, ತೊನ್ನುಗಳ ಹೆಸರಿಲ್ಲ. ಡಿಎಲ್‌ಕ್ಯೂಐ 25 ಬಂದರೂ ಆ ಅಂಕ ಹಿಡಿದು ಹೋಗಲು ಕಚೇರಿಯಿಲ್ಲ.

ಒಂದು ವಾರದ ಮಾಯೆ

ಇನ್ನೊಂದು ಎಚ್ಚರಿಕೆ ಉಳಿದಿದೆ. ಹಾಳೆ ಕೇಳುವುದು ಹೋದ ವಾರದ ಬಗ್ಗೆ ಮಾತ್ರ ಎಂದೆನಲ್ಲ. ಇದು ನೆನಪಿನ ತಪ್ಪನ್ನು ಕಡಿಮೆ ಮಾಡಲು. ಆದರೆ ಏಪ್ರಿಲಿನ ವಿಜಯಪುರದ ಬಿಸಿಲಲ್ಲಿ ಬೆವರಿ ಉರಿಯುವ ಮೈಯೂ ಡಿಸೆಂಬರಿನಲ್ಲಿ ಒಣಗಿ ಬಿರಿಯುವ ಮೈಯೂ ಒಂದೇ ಉತ್ತರ ಕೊಡುವುದಿಲ್ಲ. ಎರಡು ಅಂಕಗಳನ್ನು ಹೋಲಿಸುವಾಗ ಕಾಲವನ್ನೂ ನೋಡಬೇಕು.

ಇದಕ್ಕಿಂತ ಅಪಾಯದ್ದು ಹುಳುಕಡ್ಡಿಯ ಕತೆ. ಈಚಿನ ವರ್ಷಗಳಲ್ಲಿ ಹುಳುಕಡ್ಡಿ ದೇಶದಾದ್ಯಂತ ತಿಂಗಳುಗಟ್ಟಲೆ ಬಿಡದ ರೋಗವಾಗಿದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಪ್ರಬಲ ಸ್ಟೀರಾಯ್ಡ್ ಬೆರೆತ ಕ್ರೀಮುಗಳು ಅದಕ್ಕೊಂದು ಮುಖ್ಯ ಕಾರಣ. ಸ್ಟೀರಾಯ್ಡ್ ಹಚ್ಚಿದರೆ ಎರಡು ಮೂರು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಆ ವಾರ ಡಿಎಲ್‌ಕ್ಯೂಐ ತುಂಬಿಸಿದರೆ ಅಂಕ ಸೊಗಸಾಗಿ ಇಳಿದಿರುತ್ತದೆ. ಒಳಗೆ ಶಿಲೀಂಧ್ರ ಮಾತ್ರ ಆರಾಮವಾಗಿ ಹರಡುತ್ತಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಬಿಗಿ ಮಾಡಿತು. ಅಂಗಡಿಯಲ್ಲಿ ಕೇಳಿದರೆ ಇನ್ನೂ ಕೊಡುತ್ತಾರೆ ಎಂಬುದು ನಿಮಗೇ ಗೊತ್ತು. ಬದುಕಿನ ಅಂಕ ಚರ್ಮ ನೋಡುವ ಕಣ್ಣಿಗೆ ಬದಲಿಯಲ್ಲ. ಎರಡೂ ಬೇಕು.

ನೀವು ಆಸ್ಪತ್ರೆಗೆ ಹೋದಾಗ

ಎಲ್ಲ ವೈದ್ಯರೂ ಹಾಳೆ ಕೊಡುವುದಿಲ್ಲ. ನೂರಾರು ಜನ ಸಾಲುಗಟ್ಟಿರುವ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷವೂ ದೊಡ್ಡದೇ. ಸಿಂದಗಿಗೋ ವಿಜಯಪುರಕ್ಕೋ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಹೋದವರು ಹಾಳೆಯಿಲ್ಲದೆಯೂ ಹೇಳಬಹುದಾದದ್ದಿದೆ. ಕಲೆ ತೋರಿಸಿ ಸುಮ್ಮನಾಗಬೇಡಿ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಹೋದ ವಾರ ಎಷ್ಟು ದಿನ ಕೆಲಸ ತಪ್ಪಿತು, ಯಾವ ಕೆಲಸ ಮಾಡಲು ಆಗಲಿಲ್ಲ, ಎಲ್ಲಿಗೆ ಹೋಗುವುದನ್ನು ಬಿಟ್ಟಿರಿ ಎಂದು ಹೇಳಿ. "ಭಾಳ ತ್ರಾಸ ಅದ" ಎನ್ನುವುದಕ್ಕಿಂತ "ಎರಡು ದಿನ ರೊಟ್ಟಿ ತಟ್ಟಾಕ ಆಗಲಿಲ್ಲ" ಎನ್ನುವುದು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ಮುಲಾಮು ಹಚ್ಚಲು ಆಗುತ್ತಿಲ್ಲ ಎಂದರೆ ಅದನ್ನೂ ಹೇಳಿ, ಬೈದಾರು ಎಂದು ಮುಚ್ಚಿಡಬೇಡಿ. ಹಾಳೆಯಲ್ಲೂ ಅದಕ್ಕೆ ಅಂಕವಿದೆ.

ಹಾಳೆ ಕೊಟ್ಟರೆ, ಅನ್ವಯಿಸುವುದಿಲ್ಲ ಎನ್ನುವ ಮುನ್ನ ಒಂದು ಕ್ಷಣ ಯೋಚಿಸಿ. ಕೈತೋಟವಿಲ್ಲದಿದ್ದರೂ ದನದ ಕೊಟ್ಟಿಗೆ, ಹಿತ್ತಲು ಇರಬಹುದು. ಆಟವಿಲ್ಲದಿದ್ದರೂ ಜಾತ್ರೆಯ ಕುಣಿತವೋ, ಭಜನೆಯೋ ತಪ್ಪಿಹೋಗಿರಬಹುದು. ಸಂಬಳವಿಲ್ಲದಿದ್ದರೂ ನೀವು ಮಾಡುವುದು ಕೆಲಸವೇ. ಯಾವ ಸಾಲಿಗೆ ಯಾವುದು ಸೇರುತ್ತದೆ ಎಂದು ಓದಿ ಹೇಳುವವರನ್ನೇ ಕೇಳಿ. ಖಾಸಗಿ ಪ್ರಶ್ನೆ ಬಂದಾಗ ಜೊತೆಗಿದ್ದವರು ಹೊರಗೆ ಕೂರಲಿ ಎಂದು ಹೇಳುವ ಹಕ್ಕು ನಿಮಗಿದೆ. ಅದನ್ನು ಹೇಳಲು ರೋಗಿಗೇ ಬಿಡದೆ ನರ್ಸ್ ತಾನೇ ಹೇಳಿದರೆ ಇನ್ನೂ ಒಳ್ಳೆಯದು.

ಮಕ್ಕಳಿಗೆ ಬೇರೆ ಹಾಳೆಯಿದೆ, 1995ರಿಂದಲೂ. ಅದರಲ್ಲಿ ಶಾಲೆ, ಗೆಳೆಯರು, ಚುಡಾಯಿಸುವಿಕೆ ಮತ್ತು, ದೊಡ್ಡವರ ಹಾಳೆಯಲ್ಲಿ ಇಲ್ಲದ, ನಿದ್ದೆಯ ಪ್ರಶ್ನೆಯೂ ಇದೆ.